ಪ್ಲಸ್ ಒಂದು ಅಂದ್ರ ಪ್ಲಸ್ ಒಂದs

ಕೀಬೋರ್ಡಿನ ಮುಂದೆ ಕೂರುವ ಮೊದಲು ಆಂಟಿ ಹಸಿರು ಗಾಜಿನ ಬಳೆಗಳನ್ನು ಮೊಣಕೈಯತ್ತ ಏರಿಸಿಕೊಳ್ಳುತ್ತಿದ್ದರು, ರೊಟ್ಟಿ ಹಿಟ್ಟು ನಾದಲು ಹೊರಟವರಂತೆ. ಎಂಟರ್ ಒತ್ತುವ ಹೊತ್ತಿಗೆ ಅವು ಝಲ್ಲೆಂದು ಮತ್ತೆ ಮಣಿಕಟ್ಟಿಗೆ ಇಳಿದಿರುತ್ತಿದ್ದವು.

ಡಾಲಸ್‌ನಿಂದ ಮೂರು ಗಂಟೆ ದಾರಿಯ ಸೀಡರ್ ಪಾರ್ಕಿನಲ್ಲಿ ಅವರದು ನಮ್ಮ ಪಕ್ಕದ ಮನೆ. ಮೂಲ ಧಾರವಾಡ. ಮೇನ್‌ಫ್ರೇಮ್ ಎಂಬ ಹಳೆಯ ಕಾಲದ ದೊಡ್ಡ ಕಂಪ್ಯೂಟರುಗಳ ಜೊತೆ ಏಗಿ ನಿವೃತ್ತರಾದವರು. ಮಕ್ಕಳಿಗಾಗಿ ಕೆಲಸ ಬಿಟ್ಟು ವರ್ಷಗಳಾಗಿದ್ದ ನಾನು, ಇನ್ನು ನನ್ನನ್ನು ಯಾರು ಕರೆಯುತ್ತಾರೆ ಎಂದು ಒಂದು ಸಂಜೆ ಬೇಲಿಯಾಚೆ ಗೊಣಗಿದೆ.

"ಹೊಸಾದಕ್ಕ ಮಂದಿ ಪಾಳಿ ಹಚ್ಯಾರವಾ. ಹಳೇದಕ್ಕ ಯಾರದಾರ? ನಾಳಿಂದ ಬಾ," ಎಂದರು.

ನಾನು ಮೊದಲು ಎಡವಿದ್ದು ಫೈಲುಗಳ ತಲೆಮಾರಿನ ಲೆಕ್ಕದಲ್ಲಿ. ಆ ಯಂತ್ರದಲ್ಲಿ ಜಾಬ್, ಅಂದರೆ ಹಂತ ಹಂತವಾಗಿ ನಡೆಯುವ ಕೆಲಸಗಳ ಕಟ್ಟು, ಓಡಿದಾಗಲೆಲ್ಲ ಕೆಲವು ಫೈಲುಗಳಿಗೆ ಹೊಸ ಪ್ರತಿ ಹುಟ್ಟುತ್ತದೆ, ಹಳೆಯವೂ ಉಳಿದಿರುತ್ತವೆ. ಯಾವುದು ಬೇಕೆಂದು ಸಂಖ್ಯೆಯಲ್ಲಿ ಹೇಳಬೇಕು. ಆಂಟಿ ನನ್ನನ್ನು ಉಪ್ಪಿನಕಾಯಿ ಜಾಡಿಗಳ ಮುಂದೆ ನಿಲ್ಲಿಸಿದರು.

"ಈಗ ತಿನ್ನೂದು ಸೊನ್ನೆ. ಹೋದ ವರ್ಷದ್ದು ಮೈನಸ್ ಒಂದು. ಇವತ್ತ ಹಾಕೂದು ಪ್ಲಸ್ ಒಂದು."

"ಹಾಕಿದ ತಕ್ಷಣ ಅದೇ ಸೊನ್ನೆ ಆಗುತ್ತಲ್ವಾ, ಆಂಟಿ?"

"ಇಲ್ಲವಾ! ಇಡೀ ಜಾಬ್ ಮುಗಿಯೂತನಕಾ ಅದು ಪ್ಲಸ್ ಒಂದs. ನಡುವ ಎಷ್ಟರೆ ರುಚಿ ನೋಡು, ಹೆಸರು ಬದಲಾಗೂದಿಲ್ಲ."

ಶೆಲ್ಫಿನಲ್ಲಿ ಮೂರೇ ಜಾಡಿಗೆ ಜಾಗ. ಹೊಸದು ಬಂದರೆ ತೀರ ಹಳೆಯದು ನಮ್ಮ ಮನೆಗೆ. ಈ ನಿಯಮ ಮಾತ್ರ ನನಗೆ ಬೇಗ ಅರ್ಥವಾಯಿತು.

ಡಾಲಸ್‌ನ ವಿಮಾ ಕಂಪನಿಯೊಂದು ಕರೆಯಿತು. ಕೆಲಸ ಮನೆಯಿಂದಲೇ, ಸಂದರ್ಶನಕ್ಕೆ ಮಾತ್ರ ಹೋಗಬೇಕು. ಆಂಟಿಯೇ ಡ್ರೈವ್ ಮಾಡಿದರು. ಜಾರ್ಜ್‌ಟೌನ್ ದಾಟುವವರೆಗೆ ಪ್ರಶ್ನೆಗಳ ಮಳೆ, ಆಮೇಲೆ ಹಾಡು.

ಒಳಗೆ ಅದೇ ಪ್ರಶ್ನೆ ಬಂತು: ಮೊದಲ ಹಂತದಲ್ಲಿ ಹುಟ್ಟಿದ ಫೈಲನ್ನು ಅದೇ ಜಾಬಿನ ಎರಡನೆಯ ಹಂತ ಹೇಗೆ ಕರೆಯಬೇಕು? ಪ್ಲಸ್ ಒಂದು ಎಂದೆ. ಸಂದರ್ಶಕ ಹುಬ್ಬೇರಿಸಿದ. "ಫೈಲು ಆಗಲೇ ಹುಟ್ಟಿದೆಯಲ್ಲ, ಸೊನ್ನೆ ಆಗಬೇಡವೇ?" ಹೂಂ ಎಂದುಬಿಡಲು ನಾಲಿಗೆ ತುದಿಗಾಲಲ್ಲಿ ನಿಂತಿತ್ತು. ಕೆಲಸ ಅಷ್ಟು ಬೇಕಿತ್ತು. ಆದರೂ, "ಇಲ್ಲ, ಜಾಬ್ ಮುಗಿಯುವ ತನಕ ಪ್ಲಸ್ ಒಂದೇ," ಎಂದೆ. ಅವನು ಏನನ್ನೋ ಬರೆದುಕೊಂಡು, ತಿಳಿಸುತ್ತೇವೆ ಎಂದ.

ಕಾರಿಗೆ ಬಂದು, ಕೆಲಸ ಹೋಯಿತೆಂದುಕೊಂಡು ಅಳುಮುಖದಲ್ಲಿ ಎಲ್ಲ ಹೇಳಿದೆ. ಆಂಟಿ ಸಂತೋಷಕ್ಕೆ ಸ್ಟಿಯರಿಂಗ್ ಬಡಿದ ರಭಸಕ್ಕೆ ಹಾರ್ನ್ ಮೊಳಗಿ, ಕಾವಲಿನವನು ಓಡಿ ಬಂದ. "ಕೆಲಸಾ ಸಿಗ್ಲಿ, ಬಿಡ್ಲಿ, ಖರೇದನ್ನ ಬಿಟ್ಟು ಬರಲಿಲ್ಲ ನೀ! ನಡಿ, ದ್ವಾಸಿ ತಿನ್ನೂಣು."

ಕೆಲಸ ಸಿಕ್ಕಿತು. ಆತ ನನ್ನನ್ನು ಪರೀಕ್ಷಿಸಿದನೋ, ನಿಜಕ್ಕೂ ತಪ್ಪಿದ್ದನೋ, ಇಂದಿಗೂ ಕೇಳಿಲ್ಲ. ಸುದ್ದಿ ತಿಳಿದ ಆಂಟಿ ತೋರಣ ಕಟ್ಟಿದ್ದು ತಮ್ಮ ಬಾಗಿಲಿಗೆ. "ಪಾಸಾದಾಕಿ ನಾನು," ಎಂದರು.

ಮುಂದೆ ಅವರು ಹ್ಯೂಸ್ಟನ್‌ನ ಮಗಳ ಮನೆಗೆ ಶಿಫ್ಟ್ ಆದರು. ಹೋದ ಚಳಿಗಾಲದಲ್ಲಿ, ಊಟ ಮುಗಿಸಿ ಮಲಗಿದವರು ನಿದ್ದೆಯಲ್ಲೇ ಹೋದರು.

ಈಗ ಹೊಸದಾಗಿ ಸೇರಿದವರಿಗೆ ಪಾಠ ಹೇಳುವ ಸರದಿ ನನ್ನದು. ಆಗ ನನ್ನ ಇಂಗ್ಲಿಷಿಗೂ ಧಾರವಾಡದ ಗತ್ತು ಬರುತ್ತದಂತೆ. ಮೊನ್ನೆ ನನ್ನ ಗಂಡ ಬಾಗಿಲಲ್ಲಿ ಇಣುಕಿ, "ಯಾರನ್ನ ಅಷ್ಟು ಜೋರಾಗಿ ಬೈತಿದ್ದೀಯ?" ಎಂದರು.

"ಬೈತಿಲ್ಲ ರೀ," ಎಂದೆ. "ಕಲಿಸ್ತಿದ್ದೀನಿ."