ರಾಗಿ ಅಂಟಿನ ಕಾಗದ

ಎಂ.ಎ. ಮೊದಲ ವರ್ಷ ಮುಗಿಸಿ ಅಜ್ಜಂಪುರದ ಮನೆಗೆ ಬಂದಿದ್ದ ರಜೆ ಅದು. ಎರಡನೆಯ ವರ್ಷಕ್ಕೆ ನನ್ನನ್ನು ಮತ್ತೆ ಮೈಸೂರಿಗೆ ಕಳಿಸಬೇಕೋ ಬೇಡವೋ ಎಂದು ಅಪ್ಪ ಇನ್ನೂ ತೀರ್ಮಾನಿಸಿರಲಿಲ್ಲ. ತರೀಕೆರೆ ಕಡೆಯ ಒಂದು ಸಂಬಂಧದ ಮಾತೂ ನಡೆದಿತ್ತು.

ಒಂದು ಮಧ್ಯಾಹ್ನ ಅವ್ವ ನನ್ನ ಕೈಗೆ ಇನ್‌ಲ್ಯಾಂಡ್ ಕಾಗದ ಕೊಟ್ಟಳು. ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲೇ ಇದ್ದ ಕರಾವಳಿಯ ಗೆಳತಿ ಬರೆದದ್ದು. ಅವಳ ಊರಿನ ತೇವಕ್ಕೆ ಕಾಗದದ ಗೋಂದು ನಿಲ್ಲುತ್ತಿರಲಿಲ್ಲ. ಬಿಳಿ ಅನ್ನದ ಅಗುಳು ತಿಕ್ಕಿ ಅಂಟಿಸುತ್ತಿದ್ದಳು. ಈ ಸಲ ಅಂಚಿನಲ್ಲಿ ಕಂದು ಗೆರೆಯಿತ್ತು. ಉಗುರಿನಿಂದ ಕೆರೆದು ನೋಡಿದೆ. ರಾಗಿ ಮುದ್ದೆ. ಅವಳ ಮನೆಯಲ್ಲಿ ರಾಗಿಯನ್ನೇ ತರುತ್ತಿರಲಿಲ್ಲ.

ಒಳಗಿದ್ದದ್ದು ಇಂಗ್ಲಿಷಿನಲ್ಲಿ ಒಂದು ಪುಟ. ಕರಾವಳಿಗೆ ಹೇಳುವ ‘ಕೋಸ್ಟ್’ ಎಂಬ ಪದ ಎಲ್ಲಿಂದ ಬಂತೆಂದು ನಾವು ತರಗತಿಯಲ್ಲಿ ವಾದಿಸಿದ್ದೆವು. ಅವಳು ನಿಘಂಟು ನೋಡಿ ಬರೆದಿದ್ದಳು: ಲ್ಯಾಟಿನ್ನಿನಲ್ಲಿ ಅದು ಪಕ್ಕೆಲುಬು, ಆಮೇಲೆ ಯಾವುದರದ್ದಾದರೂ ಪಕ್ಕ, ಕೊನೆಗೆ ಕಡಲ ಪಕ್ಕದ ನೆಲ.

ಮನೆಯಲ್ಲಿ ಯಾರು ಒಡೆದು ಮತ್ತೆ ಅಂಟಿಸಿದರೆಂದು ನಾನು ಯಾರನ್ನೂ ಕೇಳಲಿಲ್ಲ. ಎರಡು ದಿನ ಎಲ್ಲರನ್ನೂ ಗಮನಿಸಿದೆ. ಮನೆಯಲ್ಲಿ ಅಷ್ಟಿಷ್ಟು ಇಂಗ್ಲಿಷ್ ಬರುತ್ತಿದ್ದದ್ದು ಅಣ್ಣನಿಗೆ ಮಾತ್ರ. ಅವನು ನನ್ನ ಮುಖ ನೋಡುವುದನ್ನೇ ಬಿಟ್ಟಿದ್ದ.

ಮೂರನೆಯ ದಿನ ಹುಣಸೆಹಣ್ಣು ಬಿಡಿಸುತ್ತಾ ಅವ್ವ ಕೇಳಿದಳು: “ಆ ಹುಡ್ಗಿ ಪಕ್ಕೆಲುಬಿಗೆ ಏನಾಯ್ತೇ? ಬಿದ್ದಿದ್ಲಾ?”

ನಾನು ಕಾಗದ ತಂದು ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದೆ. ಅವ್ವ ಕೈಯಲ್ಲಿದ್ದ ಹಣ್ಣು ಬಿಟ್ಟು ಕೇಳಿದಳು.

“ಇಷ್ಟು ಹೇಳಕ್ಕೆ ಒಂದು ಕಾಗ್ದ ಬರೀತಾರಾ?”

“ಬರೀತಾರೆ ಕಣವ್ವ. ನೀನು ಒಡೆದು ಅಣ್ಣನ ಕೈಲಿ ಓದಿಸ್ದೆ ಅಲ್ವಾ?”

“ಓದಿಸ್ದೆ. ಗಂಡುಡ್ಗ ಬರ್ದಿದ್ರೆ?” ಎಂದಳು. ತಲೆ ತಗ್ಗಿಸಲಿಲ್ಲ.

ಸಂಜೆ ಅವಳು ಅಪ್ಪನಿಗೆ ಹೇಳುತ್ತಿದ್ದದ್ದು ನಡುಮನೆಗೆ ಕೇಳಿಸಿತು. “ಕಳ್ಸಿ. ಯಾವ ಗಂಡ್ಸೂ ಹೆಣ್ಣಿಗೆ ಪಕ್ಕೆಲುಬಿನ ವಿಷ್ಯ ಬರೆಯಲ್ಲ.” ಅಪ್ಪ ನಾನು ಹೊರಡುವ ದಿನ ಯಾವುದೆಂದು ವಿಚಾರಿಸಿದರು.

ಹೊರಡುವ ಮುಂಚೆ ಗೆಳತಿಯ ಇನ್ನೊಂದು ಕಾಗದ ಬಂತು. ಅಂಚು ಬೆಳ್ಳಗಿತ್ತು. ಆದರೂ ಉಗುರು ಹಾಕಿ ನೋಡಿದೆ. ಅನ್ನದ ಅಗುಳೇ. ಅವ್ವ ಒಲೆಯ ಮುಂದಿನಿಂದ ನನ್ನನ್ನೇ ನೋಡುತ್ತಿದ್ದಳು.