ಕನ್ನಡಿ ಹಿಡಿದು ಇಂಟರ್‌ನೆಟ್ ತಂದವನು

ಸಿಂದಗಿಯಿಂದ ನಮ್ಮ ಕನ್ನೊಳ್ಳಿಗೆ ತಂತಿಯಿಲ್ಲದೆ ಇಂಟರ್‌ನೆಟ್ ತಂದವನು ಮೊದಲು ರೇಡಿಯೊ ರಿಪೇರಿ ಮಾಡುತ್ತಿದ್ದ. ಇಲ್ಲಿ ಡಿಶ್ ಕೂರಿಸುವಾಗ ಅವನ ಹೆಂಡತಿ, ಸಿಗ್ನಲ್ ಕಳಿಸುವ ಡಿಶ್ ಇದ್ದ ಸಿಂದಗಿಯ ತಮ್ಮ ಮನೆಯ ಮಾಳಿಗೆ ಮೇಲೆ ಬಿಸಿಲಿಗೆ ಕನ್ನಡಿ ಹಿಡಿದು ನಿಲ್ಲುತ್ತಿದ್ದಳು. ಆ ಹೊಳಪು ಇಲ್ಲಿಗೆ ಕಂಡ ಕಡೆಗೆ ಡಿಶ್ ತಿರುಗಿಸಿ, ಮೀಸೆಯನ್ನೂ ತಿರುವಿ, "ಕಂಡ್ರ ಬರ್ತೈತ್ರಿ" ಎನ್ನುತ್ತಿದ್ದ.

ಚಳಿಗಾಲದ ಕೊನೆಗೆ ನನ್ನ ಕಂಪ್ಯೂಟರ್ ಅಂಗಡಿಯ ಮೇಲೂ ಒಂದು ಡಿಶ್ ಕೂರಿಸಿದ. ಯುಗಾದಿಗೆ ಎದುರಿನ ಬೇವು ಚಿಗುರಿತು. ಎಲೆ ದಟ್ಟವಾದಂತೆ ಸಿಗ್ನಲ್ ಸೊರಗಿ, ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಪೂರ್ತಿ ನಿಂತಿತು. ಅಂಗಡಿ ಮುಂದೆ ಅರ್ಧ ಊರು ನೆರೆದಿತ್ತು. ಯಾರೋ ಕೊಡಲಿ ತಂದರು. ಗಿಡ ನೆಟ್ಟ ಮುದುಕಿ ಅದನ್ನು ತಬ್ಬಿ ನಿಂತಳು. ಅವಳ ಮೊಮ್ಮಗಳೂ ಪರೀಕ್ಷೆ ಬರೆದಿದ್ದಳು.

ಸುದ್ದಿ ಕೇಳಿ, ಹೆಂಡತಿಯನ್ನು ಮಾಳಿಗೆಗೆ ಹತ್ತಿಸಿ, ಮೋಟಾರ್‌ಸೈಕಲ್ ಮೇಲೆ ಬಂದವನು ಮೊದಲು ಕೊಡಲಿ ಕಸಿದುಕೊಂಡ. "ಬೋಳು ಗಿಡ ನೋಡಿ ಡಿಶ್ ಕೂಡ್ರಿಸಿದಾಂವ ನಾನು. ತಪ್ಪು ನಂದ್ರಿ, ಗಿಡದ್ದಲ್ಲ!"

ಡಿಶ್ ಬಿಚ್ಚಿ ಹೆಗಲಿಗೇರಿಸಿಕೊಂಡು, ಪಕ್ಕದ ನೀರಿನ ಟ್ಯಾಂಕ್ ಹತ್ತಿದ. ನಾನು ಕೆಳಗಿನಿಂದ ವಾಯರ್ ಬಿಡುತ್ತಾ ಹೋದೆ. ಸ್ವಲ್ಪ ಹೊತ್ತಿಗೆ ಮೇಲಿಂದ ಕೂಗು ಬಂತು: "ಕನ್ನಡಿ ಕಂಡೈತ್ರಿ!"

ಒಳಗೆ ಓಡಿ, ಮೊದಲು ಆ ಮೊಮ್ಮಗಳ ನಂಬರನ್ನೇ ಒತ್ತಿದೆ. "ಫಸ್ಟ್ ಕ್ಲಾಸ್!" ಎಂದು ಕಿರುಚಿದೆ.

"ಬಂತೇನ್ರಿ?" ಎಂದ ಮೇಲಿನವನು.

ನಾನು ಬಾಯಿ ತೆರೆಯುವ ಮೊದಲೇ ಬೇವಿನ ಬುಡದಿಂದ ಮುದುಕಿ ಕೂಗಿದಳು: "ಬಂತೋ ನನ್ನಪ್ಪಾ, ಬಂತು!"

ಅವನು ಟ್ಯಾಂಕಿನ ಮೇಲೆ ಎದ್ದು ನಿಂತ. ಜೇಬಿನಿಂದ ತನ್ನದೊಂದು ಪುಟ್ಟ ಕನ್ನಡಿ ತೆಗೆದು, ಸಿಂದಗಿಯ ಮಾಳಿಗೆಯ ಕಡೆಗೆ ಮೂರು ಸಲ ಹೊಳೆಸಿದ.