ಸುಧತ್ತೆಯ ಕ್ಲಾಸಿನ ಪೇಷೆಂಟು

ಮೂರು ದಿನದಿಂದ ನಮ್ಮ ಮನೆಯೆಲ್ಲ ಏಲಕ್ಕಿ ವಾಸನೆ. ಪಾಯಸವೇನೂ ಇಲ್ಲ, ಆಸೆಪಡಬೇಡಿ. ಭಾನುವಾರ ಕನ್ನಡ ಸಂಘದಲ್ಲಿ ಸುಧತ್ತೆಗೆ ಸನ್ಮಾನ. ಅದಕ್ಕೆಂದು ಹಾವೇರಿಯಿಂದ ತರಿಸಿದ ಏಲಕ್ಕಿ ಹಾರ ನಮ್ಮ ಊಟದ ಮೇಜಿನ ಮೇಲೆ ಕೂತಿದೆ. ಹಾರ ಇಟ್ಟುಹೋದ ಕಾರ್ಯದರ್ಶಿಗಳು ನನಗೊಂದು ಕೆಲಸವನ್ನೂ ಹಚ್ಚಿದರು: "ನಿಮ್ಮದು ಐದು ನಿಮಿಷ ಮಿಮಿಕ್ರಿ. ಡಾಕ್ಟರಮ್ಮನ್ನೇ ಮಾಡಿಬಿಡಿ, ಜನ ನಗಬೇಕು." ಈ ಕಾರ್ಯದರ್ಶಿಗಳನ್ನೇ ಮಾಡು ಅಂದಿದ್ದರೆ ಅರ್ಧ ಗಂಟೆ ಮಾಡುತ್ತಿದ್ದೆ, ಮೈಕ್ ಇಲ್ಲದ ಕಡೆಯೂ ಮೈಕ್ ತಟ್ಟಿಯೇ ಮಾತು ಶುರುಮಾಡುವ ಮನುಷ್ಯ. ಸುಧತ್ತೆಯನ್ನು ಮಾಡುವುದು ಹೇಗೆ, ನೀವೇ ಹೇಳಿ. ನಲವತ್ತು ವರ್ಷ ಅವಳು ಮಾಡಿದ ಕೆಲಸವೇ ಸುಮ್ಮನೆ ಕೂತು ಕೇಳುವುದು. ವೇದಿಕೆ ಮೇಲೆ ನಾನು ಐದು ನಿಮಿಷ ಸುಮ್ಮನೆ ಕೂತರೆ ಮೈಕ್ ಕೆಟ್ಟಿತು ಅಂದುಕೊಳ್ಳುತ್ತಾರೆ.

ಅಂದಹಾಗೆ ನಾನು ತಮಿಳು ಸಿನಿಮಾ ಸ್ಟುಡಿಯೋಗಳ ವಡಪಳನಿಯಲ್ಲಿ ಡಬ್ಬಿಂಗ್ ಕಲಾವಿದ. ಕಲಾವಿದ ಅಂದರೆ, ಸಿನಿಮಾದಲ್ಲಿ ಗುಂಪು ಕಿರುಚುತ್ತಾ ಓಡುವಾಗ ಕೇಳುವ ನಾಲ್ಕು ದನಿಗಳಲ್ಲಿ ಮೂರು ನನ್ನವು. ನಾಯಕನ ದನಿ ಇನ್ನೂ ಯಾರೂ ಕೊಟ್ಟಿಲ್ಲ.

ಸುಧತ್ತೆ ಅಪ್ಪನ ಚಿಕ್ಕಪ್ಪನ ಮಗಳು. ಟ್ರಿಪ್ಲಿಕೇನಿನಲ್ಲಿ ಹುಟ್ಟಿ ಬೆಳೆದವಳು. ಕನ್ನಡದಲ್ಲಿ ಹೊರಟ ವಾಕ್ಯ ತಮಿಳಿನಲ್ಲಿ ಮುಗಿಯುತ್ತದೆ, ಇಂಗ್ಲಿಷ್ ಮಧ್ಯದ ಸ್ಟಾಪಿನಲ್ಲಿ ಹತ್ತಿ ಇಳಿಯುತ್ತದೆ. ಅವಳು ಸರ್ಕಾರಿ ಮಾನಸಿಕ ಆಸ್ಪತ್ರೆಗೆ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಸೇರಿದಾಗ ನಮ್ಮಜ್ಜಿ ಗಂಡಿನ ಕಡೆಯವರಿಗೆ "ಹುಡುಗಿ ಸೈನ್ಸಿನಲ್ಲಿದ್ದಾಳೆ" ಎಂದಷ್ಟೇ ಹೇಳುತ್ತಿದ್ದರಂತೆ. ನೆಂಟರು ಮೊದಮೊದಲು ಅವಳ ಕಣ್ಣಿಗೆ ಬೀಳದೆ ಓಡಾಡಿದರು, ಮನಸ್ಸು ಓದಿಬಿಟ್ಟರೆ ಅಂತ. ಧೈರ್ಯ ಬಂದ ಮೇಲೆ ಮಂಡಿನೋವಿಗೆ ಮಾತ್ರೆ ಕೇಳಿದರು. "ನಾನು ಮಾತ್ರೆ ಬರೆಯೋ ಹಾಗಿಲ್ಲ, ಮಾತಾಡಿಸೋದಷ್ಟೇ" ಎಂದರೆ, "ಇದಕ್ಕೆ ಅಷ್ಟು ಓದಬೇಕಿತ್ತಾ?" ಎಂದರು ದೊಡ್ಡಪ್ಪ.

ಸುನಾಮಿ ಬಂದು ಸಮುದ್ರ ಊರೊಳಗೆ ನುಗ್ಗಿದ ವರ್ಷ ಅವಳು ಒಂದು ತಿಂಗಳ ಮಟ್ಟಿಗೆ ಅಂತ ಮೀನುಬಂದರಿನ ಕಾಸಿಮೇಡಿಗೆ ಹೋದಳು. ಆ ತಿಂಗಳು ಇನ್ನೂ ಮುಗಿದಿಲ್ಲ. ಪ್ರತಿ ಶನಿವಾರ, ಬೆಳಗಿನ ಮೀನು ಹರಾಜಾದ ಮೇಲೆ, ಅಲ್ಲಿನ ಮೀನುಗಾರರ ಸಂಘದ ಹಾಲಿನಲ್ಲಿ ಕೂರುತ್ತಾಳೆ. ಒಬ್ಬಳೇ ಎಷ್ಟು ಜನರನ್ನು ನೋಡಲಾದೀತು? ಅಲ್ಲಿನವರಿಗೇ ಕ್ಲಾಸು ಶುರುಮಾಡಿದಳು. ಪಾಠ ಇಷ್ಟೇ: ಮನಸ್ಸು ನೊಂದವರು ಬಂದು ಕೂತರೆ ಬುದ್ಧಿ ಹೇಳಬಾರದು. ನಡುವೆ ನಿಮ್ಮ ಕಥೆ ತೆಗೆಯಬಾರದು. ಸಾಯುವ ಯೋಚನೆ ಬರುತ್ತಿದೆಯಾ ಅಂತ ನೇರವಾಗಿ ಕೇಳಬೇಕು. ಕೇಳಿದ್ದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಇವನ್ನೆಲ್ಲ ಅಭ್ಯಾಸ ಮಾಡಲು ಎದುರಿಗೆ ಒಬ್ಬ ಪೇಷೆಂಟ್ ಬೇಕಲ್ಲ? ನಿಜವಾದವರನ್ನು ಕೂರಿಸುವ ಹಾಗಿಲ್ಲ. ಆರು ವರ್ಷದ ಹಿಂದೆ ಆ ಪಾತ್ರಕ್ಕೆ ನಾನು ಸಿಕ್ಕಿದೆ.

ಮೊದಲ ಶನಿವಾರ ಕುಡುಕನನ್ನು ಮಾಡಿದೆ, ಹಾಲಿಗೆ ಹಾಲೇ ನಕ್ಕಿತು. ಎರಡನೆಯದು ಪರೀಕ್ಷೆಯಲ್ಲಿ ಫೇಲಾದವನು. ಅದಕ್ಕೂ ಚಪ್ಪಾಳೆ. ಮೂರನೇ ವಾರ ಸುಧತ್ತೆ ಕೈ ಹಿಡಿದು ಮೂಲೆಗೆ ಕರೆದೊಯ್ದಳು. "ಏನ್ಡಾ, ಪೇಷೆಂಟ್ ಮಾಡು ಅಂದ್ರೆ ಸ್ಟೇಜ್ ಶೋ ಕೊಡ್ತಿದೀಯಾ? ಗಲಾಟೆ ಮಾಡೋರು ಹೇಗೂ ಕಾಣ್ತಾರೆ. ಸದ್ದಿಲ್ಲದೆ ಇರೋ ಒಬ್ಬನ್ನ ಮಾಡು."

ಸದ್ದಿಲ್ಲದವನು ನನ್ನ ಹತ್ತಿರ ರೆಡಿ ಇದ್ದ. ನನ್ನ ಅಪ್ಪ. ರಿಟೈರಾಗಿ ಆರು ತಿಂಗಳಾಗಿತ್ತು. ಕಾಫಿಯಾ ಟೀಯಾ ಎಂದರೆ "ಏನೋ ಒಂದು" ಅನ್ನುತ್ತಿದ್ದರು. ಶರಟಿನ ಗುಂಡಿ ಹಾಕಲು ಹತ್ತು ನಿಮಿಷ, ಪೇಪರು ಮಡಿಸಿದ್ದು ಮಡಿಸಿದಂತೆಯೇ. ಮನೆಯಲ್ಲಿ ನಾನು ಇದನ್ನು ‘ರಿಟೈರ್ಡ್ ಗುರುರಾಜ್’ ಎಂಬ ಐಟಂ ಮಾಡಿಟ್ಟಿದ್ದೆ. ಅಮ್ಮ ನಗುತ್ತಿದ್ದಳು, ಅಪ್ಪ ಕೂಡ ಸ್ವಲ್ಪ ನಗುತ್ತಿದ್ದರು.

ಅಂದು ನನ್ನ ಎದುರಿಗೆ ಕೂತದ್ದು ಸೆಲ್ವಿ ಅಕ್ಕ. ಹರಾಜಿನಲ್ಲಿ ಅವರ ದನಿಗೆ ಗಂಡಸರು ದಾರಿ ಬಿಡುತ್ತಾರೆ; ಕ್ಲಾಸಿನಲ್ಲಿ ಮೆಲ್ಲಗೆ ಮಾತಾಡಲು ಕಲಿಯುತ್ತಿದ್ದರು. ನಾನು ಭುಜ ಇಳಿಸಿ ಅಪ್ಪನಾದೆ.

"ಊಟ ಸೇರುತ್ತಾ ಸಾರ್?" ಎಂದು ತಮಿಳಿನಲ್ಲಿ ಕೇಳಿದರು.

"ಏನೋ ಒಂದು."

"ನಿದ್ದೆ?"

"ಮೂರಕ್ಕೇ ಎಚ್ಚರ. ಬೆಳಗಾಗೋವರೆಗೂ ಹಾಗೇ ಕೂತಿರ್ತೀನಿ."

"ಅಪ್ಪುರಂ?" ಅಂದರೆ, ಆಮೇಲೆ?

"ವಾಚು ಮಗನಿಗೆ ಕೊಟ್ಟುಬಿಟ್ಟೆ. ನನಗಿನ್ನು ಯಾಕೆ ಟೈಮು."

ಇದು ನನ್ನ ಐಟಮ್ಮಿನ ಪಂಚ್ ಲೈನು. ಮನೆಯಲ್ಲಿ ಇಲ್ಲಿ ನಗು ಬರುತ್ತಿತ್ತು. ಹಾಲಿನಲ್ಲಿ ಯಾರೂ ನಗಲಿಲ್ಲ. ಸೆಲ್ವಿ ಅಕ್ಕ ಕಲಿತದ್ದನ್ನು ಕಲಿತ ಹಾಗೇ ಕೇಳಿದರು: "ಸಾರ್, ಸಾಯಬೇಕು ಅಂತ ಯೋಚನೆ ಬರುತ್ತಾ?"

ನಾನು ಬಾಯಿ ತೆರೆದೆ. ಇದಕ್ಕೆ ಅಪ್ಪ ಏನು ಹೇಳುತ್ತಾರೆ ಎಂದು ಹುಡುಕಿದೆ. ಅವರು ಯಾವ ದನಿಯಲ್ಲಿ, ಎಷ್ಟು ಹೊತ್ತು ಬಿಟ್ಟು, ಎತ್ತ ನೋಡುತ್ತಾ ಹೇಳುತ್ತಾರೆ ಎಂಬುದೆಲ್ಲ ಗೊತ್ತಿತ್ತು. "ಇಲ್ಲ" ಎಂಬ ಮಾತು ಮಾತ್ರ ಅವರ ದನಿಯಲ್ಲಿ ಬರಲಿಲ್ಲ.

ಸೆಲ್ವಿ ಅಕ್ಕ ನನ್ನ ಕೈಯ ವಾಚನ್ನು ನೋಡಿದರು. "ತಂಬಿ, ಇವರು ಯಾರು?"

ಅಷ್ಟರಲ್ಲಿ ಸುಧತ್ತೆ ಬ್ಯಾಗು ಹೆಗಲಿಗೇರಿಸಿ ಎದ್ದಿದ್ದಳು. "ಅಮ್ಮನಿಗೆ ಫೋನ್ ಮಾಡು. ನಾವು ಬರೋವರೆಗೂ ಗುರು ಜೊತೆನೇ ಇರಬೇಕು ಅನ್ನು."

ಅಮ್ಮ ಫೋನಿನಲ್ಲಿ, "ಇಲ್ಲೇ ಇದಾರೆ, ಹುರುಳಿಕಾಯಿ ನಾರು ತೆಗೀತಿದಾರೆ. ಯಾಕೋ?" ಎಂದಳು.

ಕಾಸಿಮೇಡಿನಿಂದ ವಡಪಳನಿಗೆ ಆಟೋದಲ್ಲಿ ಮುಕ್ಕಾಲು ಗಂಟೆ. ನಾನು "ಏನೂ ಗೊತ್ತಾಗಲಿಲ್ಲ ಅತ್ತೆ, ಗೊತ್ತಾಗಲಿಲ್ಲ" ಎಂದು ಅದನ್ನೇ ಹೇಳುತ್ತಿದ್ದೆ. ಸಿಗ್ನಲ್ಲಿನಲ್ಲಿ ಅವಳು, "ಹಬ್ಬಕ್ಕೆ ಬಂದಿದ್ದೆನಲ್ಲ, ಗುರು ಪಕ್ಕದಲ್ಲೇ ಕೂತು ಊಟ ಮಾಡಿದೆ. ನಂಗೂ ಕಾಣ್ಲಿಲ್ಲ" ಎಂದಳು.

ಮನೆಗೆ ಬಂದವಳು ಚಪ್ಪಲಿ ಬಿಟ್ಟು ಅಪ್ಪನ ಪಕ್ಕ ನೆಲದ ಮೇಲೆ ಕೂತಳು. ಅವಳೂ ನಾಲ್ಕು ಹುರುಳಿಕಾಯಿಯ ನಾರು ತೆಗೆದಳು. ಆಮೇಲೆ, "ಗುರೂ, ಸಾಯೋ ಯೋಚನೆ ಬರ್ತಿದೆಯಾ?" ಎಂದು ಕೇಳಿದಳು.

ಅಪ್ಪ ಕೈಯಲ್ಲಿದ್ದ ಕಾಯಿ ಮುಗಿಸಿದರು. "ಬರ್ತಿದೆ ಕಣೆ" ಎಂದರು.

ಅಮ್ಮ ಬಾಗಿಲು ಹಿಡಿದು ನಿಂತಳು. ನನಗೆ ಆ ದನಿ ಚೆನ್ನಾಗಿ ಪರಿಚಯ, ಕಾಫಿಗೆ "ಏನೋ ಒಂದು" ಅನ್ನುವಾಗಿನ ದನಿ.

ಅಪ್ಪನಿಗೆ ಚಿಕಿತ್ಸೆ ಕೊಟ್ಟವಳು ಸುಧತ್ತೆಯಲ್ಲ. ಮನೆಯವರನ್ನು ತಾವೇ ನೋಡುವ ಹಾಗಿಲ್ಲವಂತೆ. ಅವತ್ತು ಸಂಜೆಯೇ ಬೇರೊಬ್ಬ ಡಾಕ್ಟರ ಹತ್ತಿರ ಕರೆದೊಯ್ದಳು, ಹೊರಗಿನ ಬೆಂಚಿನಲ್ಲಿ ನಮ್ಮ ಜೊತೆ ನೆಂಟರ ಹಾಗೆ ಕೂತಳು. ಮಾತ್ರೆ, ಮಾತು, ಎರಡೂ ನಡೆದವು. ಒಂದು ವರ್ಷಕ್ಕಿಂತ ಹೆಚ್ಚೇ ಹಿಡಿಯಿತು. ಕೆಲವು ವಾರ ಮುಂದೆ ಹೋದದ್ದು ಹಿಂದೆ ಬಂತು. ನಾನು ‘ರಿಟೈರ್ಡ್ ಗುರುರಾಜ್’ ಐಟಂ ನಿಲ್ಲಿಸಿದೆ. ಯಾರೂ ನಿಲ್ಲಿಸು ಅನ್ನಲಿಲ್ಲ, ಯಾರೂ ಮಾಡು ಅಂತಲೂ ಅನ್ನಲಿಲ್ಲ.

ಇವತ್ತು ಬೆಳಿಗ್ಗೆ ಸೋಫಾದಲ್ಲಿ ಕೂತು ಸುಧತ್ತೆಯಾಗಲು ಹೆಣಗುತ್ತಿದ್ದೆ. ಅಪ್ಪ ಪೇಪರಿನ ಅಂಚಿನಿಂದ ನೋಡಿದರು. "ಊರವರನ್ನೆಲ್ಲ ಮಾಡ್ತೀಯ. ನನ್ನ ಮಾತ್ರ ಬಿಟ್ಟೇಬಿಟ್ಟೆಯಲ್ಲೋ. ಮಾಡು, ನೋಡೋಣ."

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ನಾನು ಅಮ್ಮನ ಕಡೆ ನೋಡಿದೆ, ಅವಳು ಅಪ್ಪನ ಕಡೆ ನೋಡಿದಳು. ಕೊನೆಗೆ ಎದ್ದು ಭುಜ ಇಳಿಸಿದೆ, "ಏನೋ ಒಂದು" ಎಂದೆ. ಆರು ವರ್ಷದ ಮೇಲೂ ಕೂದಲೆಳೆ ತಪ್ಪಲಿಲ್ಲ.

ಅಪ್ಪ ತಲೆ ಓರೆ ಮಾಡಿ ನೋಡಿದರು. "ಚೆನ್ನಾಗಿದೆ. ಆದ್ರೆ ಅವನು ಹಳಬ ಕಣೋ. ನಾನು ಈಗ ಹಾಗಾ ಮಾತಾಡೋದು?"

"ಈಗೆಲ್ಲಿ! ಮೇಲಿನ ಮನೆಯವರ ನೀರಿನ ಮೋಟರ್ ವಿಷಯ ತೆಗೆದರೆ ಇವರ ಬಾಯಿ ಮುಚ್ಚಿಸೋರಿಲ್ಲ" ಎಂದಳು ಅಮ್ಮ.

"ಮತ್ತೆ? ಬೆಳಿಗ್ಗೆ ಐದಕ್ಕೇ ಹಾಕ್ತಾರೆ. ಟ್ಯಾಂಕ್ ತುಂಬಿ ಸುರಿದರೂ..." ಅಪ್ಪನ ಬೆರಳು ಮೇಲೆದ್ದಿತು, ಹುಬ್ಬು ಗಂಟಿಕ್ಕಿತು. ಈ ಅಪ್ಪನನ್ನು ಮಾಡಲು ನನಗೆ ಬರುವುದೇ ಇಲ್ಲ. ಬೆರಳು ಹೀಗೆ ಸುತ್ತುತ್ತದೆ ಅಂತಲೇ ನಾನು ಗಮನಿಸಿರಲಿಲ್ಲ. ಕುರ್ಚಿ ಎಳೆದುಕೊಂಡು ಎದುರಿಗೆ ಕೂತೆ.

ಅಪ್ಪ ಮಾತು ನಿಲ್ಲಿಸಿ ಕನ್ನಡಕ ಸರಿಮಾಡಿಕೊಂಡರು. "ಸರಿಯಾಗಿ ನೋಡ್ಕೋ" ಎಂದವರು, ಮೋಟರಿನ ವಿಷಯವನ್ನು ಮೊದಲಿನಿಂದ ಶುರುಮಾಡಿದರು.